ಪಿಟಿಎಗೆ ಯಾವುದು: ಸೇ ಸಮ್‌ಥಿಂಗೋ, ಬಿ ಸ್ಮಾರ್ಟೋ?

ಬಂದೂಕಿನ ಅನಾಹುತ ತಡೆಯಲು ಅಮೆರಿಕದ ಶಾಲೆಗಳ ಪಿಟಿಎ (ಪಾಲಕ-ಶಿಕ್ಷಕರ ಸಂಘ) ನಡೆಸಬಹುದಾದ ಕಾರ್ಯಕ್ರಮಗಳು ಇವು. ಎರಡಕ್ಕೂ ಶುಲ್ಕವಿಲ್ಲ, ಖರ್ಚಾಗುವುದು ಸಮಯ. 2012ರ ಸ್ಯಾಂಡಿ ಹುಕ್ ಶಾಲೆಯ ಗುಂಡಿನ ದಾಳಿಯಲ್ಲಿ ತಮ್ಮವರನ್ನು ಕಳೆದುಕೊಂಡ ಕುಟುಂಬಗಳು ಕಟ್ಟಿದ ಸಂಸ್ಥೆಯ ‘ಸೇ ಸಮ್‌ಥಿಂಗ್’ ವಿದ್ಯಾರ್ಥಿಗಳಿಗೆ: ಬೆದರಿಕೆಯ ಪೋಸ್ಟ್ ಕಂಡರೆ ಹೆಸರು ಹೇಳದೆ ಆ್ಯಪಿನಲ್ಲೋ ಫೋನಿನಲ್ಲೋ ತಿಳಿಸುವುದು. ಎಡವುವುದು ಆಮೇಲೆ. ರಾತ್ರಿ ಹನ್ನೊಂದಕ್ಕೆ ಬಂದ ಸುಳಿವಿನ ಬೆನ್ನು ಹತ್ತಲು ಪ್ರಿನ್ಸಿಪಾಲ್, ಕೌನ್ಸೆಲರ್ ಇರುವ ತಂಡ ಬೇಕು. ಇಲ್ಲದಿದ್ದರೆ ಮಕ್ಕಳು ಹೇಳುವುದನ್ನೇ ಬಿಡುತ್ತಾರೆ.

‘ಬಿ ಸ್ಮಾರ್ಟ್’ ದೊಡ್ಡವರಿಗೆ: ಗುಂಡು ತೆಗೆದ ಬಂದೂಕು ಬೀಗದೊಳಗೆ, ಗುಂಡುಗಳು ಬೇರೆ ಕಡೆ. ಅಮೆರಿಕದ ಅಧ್ಯಕ್ಷರನ್ನು ಕಾಯುವ ಸೀಕ್ರೆಟ್ ಸರ್ವಿಸ್‌ನ 2019ರ ವರದಿಯಂತೆ, ಶಾಲೆಗೆ ಬಂದೂಕು ತಂದ ದಾಳಿಕೋರರಲ್ಲಿ ಸುಮಾರು ಮುಕ್ಕಾಲು ಮಂದಿಗೆ ಅದು ಸಿಕ್ಕಿದ್ದು ಹೆತ್ತವರ ಅಥವಾ ಹತ್ತಿರದ ನೆಂಟರ ಮನೆಯಲ್ಲೇ. ಒಂದು ಸಂಜೆಯ ಸಭೆ ಸಾಕು; ಬರುವವರು ಮಾತ್ರ ಆಗಲೇ ಬೀಗ ಹಾಕುವವರಾಗಿರಬಹುದು.

ಹೈಸ್ಕೂಲು, ಜೊತೆಗೆ ಪೂರ್ಣಾವಧಿ ಕೌನ್ಸೆಲರ್ ಇದ್ದರೆ ಮೊದಲನೆಯದು. ಎಲಿಮೆಂಟರಿಗೆ ಎರಡನೆಯದು. ಮಗು ಆಟಕ್ಕೆ ಹೋಗುವ ಮನೆಯಲ್ಲಿ ಬಂದೂಕಿಗೆ ಬೀಗವಿದೆಯೇ ಎಂದು ಕೇಳಲು ಸಂಕೋಚಪಡುವ, ಅಮೆರಿಕದಲ್ಲಿರುವ ನಮ್ಮವರಿಗೂ ಇದೇ ಒದಗುತ್ತದೆ.