ಕೃತಜ್ಞತೆಯ ಡೈರಿ: ಏಳು ತಿಂಗಳು ಬರೆದ ಮೇಲೆ ನನ್ನ ಅನಿಸಿಕೆ

2025ರ ಯುಗಾದಿಗೆ ಎರಡು ದಿನ ಮುಂಚೆ ನನಗೆ ನಾನೇ ತರಿಸಿಕೊಂಡ ಡೈರಿ ಇದು. ಆನ್‌ಲೈನ್‌ನಲ್ಲಿ 399 ರೂಪಾಯಿ. ಕಂಪನಿಯ ಹೆಸರು ಹೇಳುವುದಿಲ್ಲ, ಒಂದೆರಡು ದೂರುಗಳಿವೆ, ಮತ್ತು ಇಂಥ ಡೈರಿಗಳೆಲ್ಲ ಹೆಚ್ಚುಕಡಿಮೆ ಒಂದೇ ಥರ ಇರುತ್ತವೆ. ಗಟ್ಟಿ ರಟ್ಟು, ಒಂದು ರಿಬ್ಬನ್, ದಿನಕ್ಕೊಂದು ಪುಟ, ಪುಟಕ್ಕೆ ಮೂರು ಗೆರೆ. ಮೇಲೆ ‘ಐ ಆಮ್ ಗ್ರೇಟ್‌ಫುಲ್ ಫಾರ್’ ಅಂತ ಅಚ್ಚು ಹಾಕಿರುತ್ತಾರೆ. ಅಷ್ಟೇ.

ನನ್ನ ಮನೆ ಪದ್ಮನಾಭನಗರ, ಆಫೀಸು ಎಲೆಕ್ಟ್ರಾನಿಕ್ ಸಿಟಿ. ಆಗಿನ್ನೂ ಹಳದಿ ಮೆಟ್ರೋ ಬಂದಿರಲಿಲ್ಲ, ಸಿಲ್ಕ್ ಬೋರ್ಡ್ ಜಂಕ್ಷನ್‌ನಲ್ಲಿ ನಿಂತು ನಿಂತು ಮನೆಗೆ ಬರುವಷ್ಟರಲ್ಲಿ ತಲೆ ಸಿಡಿಯುತ್ತಿತ್ತು. ಚಪ್ಪಲಿ ಬಿಡುವ ಮೊದಲೇ ಯಾರ ಮೇಲಾದರೂ ರೇಗುತ್ತಿದ್ದೆ. ಗ್ಯಾಸ್ ಸ್ಟವ್ ಒರೆಸಿಲ್ಲ, ಬಟ್ಟೆ ಮಡಚಿಲ್ಲ, ಏನಾದರೊಂದು. ಒಂದು ಸಂಜೆ ನಾನು ಗೇಟ್ ತೆಗೆದ ಸದ್ದಿಗೇ ಮಗಳು ಟೀವಿ ಆಫ್ ಮಾಡಿ, ‘ಅಮ್ಮ ಬಂದ್ಲು’ ಅಂತ ಸಣ್ಣ ದನಿಯಲ್ಲಿ ಹೇಳಿ, ಎದ್ದು ಒಳಗೆ ಹೋದಳು. ಅವತ್ತು ರಾತ್ರಿ ನನಗೆ ನಿದ್ದೆ ಬರಲಿಲ್ಲ. ಡೈರಿ ಆರ್ಡರ್ ಮಾಡಿದ್ದು ಆಗಲೇ.

ಮೊದಲ ಎರಡು ವಾರ ನಿಜವಾಗಿಯೂ ಏನೂ ಆಗಲಿಲ್ಲ. ಆರೋಗ್ಯ, ಕುಟುಂಬ, ಕೆಲಸ. ಮಾರನೇ ದಿನ ಕೆಲಸ, ಆರೋಗ್ಯ, ಕುಟುಂಬ. ಹಾಜರಿ ಹಾಕಿದ ಹಾಗೆ. ಬಿಟ್ಟುಬಿಡೋಣ ಅಂತಲೇ ಇದ್ದೆ.

ಆಮೇಲೆ ಒಂದು ರಾತ್ರಿ ಜೋರು ಮಳೆ. ಮರದ ಕೊಂಬೆ ಬಿದ್ದು ಬೀದಿಗೆಲ್ಲ ಕರೆಂಟ್ ಹೋಯಿತು. ಮಾರನೇ ದಿನ ಮಗಳಿಗೆ ಪರೀಕ್ಷೆ, ನನ್ನ ಲ್ಯಾಪ್‌ಟಾಪ್‌ನಲ್ಲಿ ಚಾರ್ಜ್ ಇಲ್ಲ, ಇನ್ವರ್ಟರ್ ಕೂಡ ಸತ್ತಿತ್ತು. ಬಯ್ಯುತ್ತಾ ಬಾಲ್ಕನಿಗೆ ಬಂದರೆ ಕೆಳಗೆ ಕಂಬದ ಮೇಲೆ ಒಬ್ಬ ಲೈನ್‌ಮ್ಯಾನ್. ರೇನ್‌ಕೋಟ್ ಹಾಕಿಕೊಂಡು, ಹಣೆಗೆ ಟಾರ್ಚ್ ಕಟ್ಟಿಕೊಂಡು, ಮಳೆಯಲ್ಲೇ ಕೆಲಸ ಮಾಡುತ್ತಿದ್ದರು. ಹನ್ನೆರಡೂವರೆಗೆ ಲೈಟ್ ಬಂತು. ಆ ದಿನದ ಪುಟದಲ್ಲಿ ಅಚ್ಚಾಗಿದ್ದ ಆ ಇಂಗ್ಲಿಷ್ ಸಾಲು ಹೊಡೆದುಹಾಕಿ ‘ಯಾರಿಂದ ಆಯ್ತು’ ಅಂತ ಬರೆದೆ. ಇವತ್ತಿಗೂ ಪ್ರತಿ ಪುಟದಲ್ಲಿ ಹಾಗೇ ಮಾಡುತ್ತೇನೆ. ಈ ಡೈರಿ ನನಗೆ ಉಪಯೋಗಕ್ಕೆ ಬಂದದ್ದು ಅಲ್ಲಿಂದ.

‘ಯಾವುದಕ್ಕೆ’ ಅಂತ ಕೇಳಿದರೆ ಕೈಗೆ ಸಿಗುವುದು ದೊಡ್ಡ ದೊಡ್ಡ ಮಾತುಗಳೇ. ‘ಯಾರಿಂದ’ ಅಂತ ಕೇಳಿದರೆ ಒಬ್ಬರ ಮುಖ ನೆನಪಾಗಬೇಕು. ನಮ್ಮ ಮಾತಿಗೂ ಇದೇ ಸರಿ ಅನಿಸುತ್ತದೆ. ನಮ್ಮ ಮನೆಗಳಲ್ಲಿ ಯಾರು ಧನ್ಯವಾದ ಅನ್ನುತ್ತಾರೆ ಹೇಳಿ? ನಮ್ಮ ಅಜ್ಜಿ ಒಂದು ಸಲವೂ ಆ ಪದ ಬಳಸಿದವರಲ್ಲ. ಬಸ್ಸಿನಲ್ಲಿ ಯಾರಾದರೂ ಸೀಟು ಬಿಟ್ಟುಕೊಟ್ಟರೆ ‘ನಿನ್ನ ಹೊಟ್ಟೆ ತಣ್ಣಗಿರಲಿ ಕಣಪ್ಪ’ ಅನ್ನುತ್ತಿದ್ದರು. ಎದುರಿಗಿದ್ದ ಮನುಷ್ಯನಿಗೆ ನೇರವಾಗಿ.

ಈ ಪ್ರಶ್ನೆಯಿಂದ ನಾನು ಅತಿ ಜಾಸ್ತಿ ಬರೆದಿರುವುದು ನೀರಿನ ಬಗ್ಗೆ. ನಮ್ಮ ಬೀದಿಗೆ ದಿನ ಬಿಟ್ಟು ದಿನ ಕಾವೇರಿ ನೀರು, ಅದೂ ಬೆಳಗಿನ ಜಾವ. ನಿದ್ದೆಗಣ್ಣಲ್ಲಿ ಎದ್ದು ಮೋಟಾರ್ ಹಾಕುವಾಗ ಗೊಣಗದ ದಿನವಿಲ್ಲ. ಒಂದು ದಿನ ‘ನೀರು, ಯಾರಿಂದ’ ಅಂತ ಬರೆದು ಹಾಗೇ ಕೂತೆ. ಮಂಡ್ಯ ಜಿಲ್ಲೆಯ ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯಲ್ಲಿ ಶುದ್ಧ ಮಾಡಿ, ಹಾರೋಹಳ್ಳಿ, ತಾತಗುಣಿಯಲ್ಲಿ ಮತ್ತೆ ಪಂಪ್ ಮಾಡಿ, ಸುಮಾರು 100 ಕಿಲೋಮೀಟರ್ ದೂರದಿಂದ ಈ ನೀರು ನಮ್ಮ ಸಂಪಿಗೆ ಬರುತ್ತದೆ. ಬೆಂಗಳೂರು ಎತ್ತರದಲ್ಲಿದೆ ನೋಡಿ, ನದಿಯಿಂದ ಹೆಚ್ಚುಕಡಿಮೆ 500 ಮೀಟರ್ ಮೇಲಕ್ಕೆ ಎತ್ತಬೇಕು. 2024ರ ಅಕ್ಟೋಬರ್‌ನಲ್ಲಿ ಶುರುವಾದ ಕಾವೇರಿ ಯೋಜನೆಯ ಐದನೇ ಹಂತ ಒಂದರಲ್ಲೇ ದಿನಕ್ಕೆ 77.5 ಕೋಟಿ ಲೀಟರ್ ಬರುವ ವ್ಯವಸ್ಥೆ. ಅದೇ ವರ್ಷ ಬೇಸಿಗೆಯಲ್ಲಿ ಬೋರ್‌ವೆಲ್ ಬತ್ತಿ, ಟ್ಯಾಂಕರ್‌ಗೆ ಫೋನ್ ಮಾಡಿ ಮಾಡಿ ಸಾಕಾಗಿದ್ದು ನೆನಪಿದೆ ಅಲ್ವಾ?

ಅಷ್ಟೆಲ್ಲ ಬರೆದು ಅಮ್ಮನಿಗೆ ಓದಿ ಹೇಳಿದೆ. ಅವರು ಹಳ್ಳಿಯವರು, ಕೆರೆ ನೀರು ಬಿಡುವ ನೀರಗಂಟಿಯನ್ನು ಕಂಡವರು. ‘ಅದೆಲ್ಲ ಸರಿ, ನಮ್ಮ ಬೀದಿಗೆ ವಾಲ್ವ್ ತಿರುಗಿಸೋನ ಹೆಸರೇನು?’ ಅಂದರು. ನನಗೆ ಗೊತ್ತಿರಲಿಲ್ಲ. ಒಂಬತ್ತು ವರ್ಷದಿಂದ ಅದೇ ಮನೆಯಲ್ಲಿದ್ದೇವೆ! ಮುಂದಿನ ನೀರಿನ ದಿನ ಕೆಳಗಿಳಿದು ಹೋಗಿ ಕೇಳಿದೆ. ಈಗ ಹೆಸರು ಹಿಡಿದು ಮಾತಾಡಿಸುತ್ತೇನೆ, ಚಳಿ ಇದ್ದರೆ ಅಮ್ಮ ಕಾಫಿ ಕಳಿಸುತ್ತಾರೆ. ನೀರು ತಡವಾದರೆ ಈಗಲೂ ಸಿಟ್ಟು ಬರುತ್ತದೆ, ಆದರೆ ಮೊದಲಿನ ಹಾಗೆ ಇಡೀ ದಿನ ಉಳಿಯುವುದಿಲ್ಲ.

ಇದರ ಹಿಂದೆ ಸಂಶೋಧನೆಯೂ ಇದೆ. 2003ರಲ್ಲಿ ರಾಬರ್ಟ್ ಎಮನ್ಸ್ ಮತ್ತು ಮೈಕಲ್ ಮೆಕಲೋ ಎಂಬ ಅಮೆರಿಕದ ಇಬ್ಬರು ಮನಶ್ಶಾಸ್ತ್ರಜ್ಞರು ಒಂದು ಅಧ್ಯಯನ ಪ್ರಕಟಿಸಿದರು. ಒಂದು ಗುಂಪು ಹತ್ತು ವಾರ, ವಾರಕ್ಕೊಮ್ಮೆ, ಉಪಕಾರ ನೆನೆದು ಬರೆಯಬೇಕು, ಇನ್ನೊಂದು ಗುಂಪು ಕಿರಿಕಿರಿಗಳನ್ನು ಬರೆಯಬೇಕು, ಮೂರನೆಯದು ಸುಮ್ನೆ ನಡೆದದ್ದನ್ನು. ಉಪಕಾರ ಬರೆದವರಿಗೆ ತಮ್ಮ ಬದುಕಿನ ಬಗ್ಗೆ ಹೆಚ್ಚು ಸಮಾಧಾನ ಇತ್ತು, ವ್ಯಾಯಾಮವನ್ನೂ ಜಾಸ್ತಿ ಮಾಡಿದ್ದರು. ಸೋನ್ಯಾ ಲ್ಯುಬೊಮಿರ್‌ಸ್ಕಿ ಎಂಬವರ ಇನ್ನೊಂದು ಅಧ್ಯಯನದಲ್ಲಿ ವಾರಕ್ಕೆ ಮೂರು ಸಲ ಬರೆದವರಿಗಿಂತ ಒಂದೇ ಸಲ ಬರೆದವರಿಗೆ ಹೆಚ್ಚು ಲಾಭ ಕಂಡಿತು. ನನ್ನ ಅನುಭವವೂ ಅದೇ. ದಿನಾ ಬರೆಯಲೇಬೇಕು ಎಂಬ ಈ ಡೈರಿಯ ಹಟ ನನಗೆ ಹಿಡಿಸಲಿಲ್ಲ. ಖಾಲಿ ಪುಟ ಕಂಡಾಗ ಏನೋ ತಪ್ಪು ಮಾಡಿದ ಹಾಗೆ ಅನಿಸುತ್ತದೆ. ಈಗ ಭಾನುವಾರ, ಬುಧವಾರ ಮಾತ್ರ ಬರೆಯುತ್ತೇನೆ, ದಿನಾಂಕ ತಿದ್ದಿಕೊಳ್ಳುತ್ತೇನೆ.

ಇನ್ನೊಂದು ಕೊರತೆ ದೊಡ್ಡದು. ಸಿಟ್ಟು ಬರೆಯಲು ಇದರಲ್ಲಿ ಜಾಗವೇ ಇಲ್ಲ. ನಾನು ಎಡಗಡೆ ಮಾರ್ಜಿನ್‌ನಲ್ಲಿ ಮೊದಲು ಅದನ್ನು ಬರೆಯುತ್ತೇನೆ: ‘ಆಟೋ ಮೂರು ಸಲ ಕ್ಯಾನ್ಸಲ್’, ‘ಮೀಟಿಂಗ್‌ನಲ್ಲಿ ನನ್ನ ಮಾತು ಮುಗಿಸಲು ಬಿಡಲಿಲ್ಲ’. ಅದು ಹೊರಗೆ ಬರದೆ ಈ ಕಡೆ ಗೆರೆಯಲ್ಲಿ ಏನು ಬರೆದರೂ ಸುಳ್ಳು ಅನಿಸುತ್ತದೆ. ಎಲ್ಲದಕ್ಕೂ ಈ ಡೈರಿ ಔಷಧಿ ಅಂತಲೂ ತಿಳಿಯಬೇಡಿ. ನನ್ನ ತಮ್ಮ ಬಾಡಿಗೆ ಮನೆ ಖಾಲಿ ಮಾಡಿದಾಗ ಓನರ್ ಪೇಂಟಿಂಗ್ ಹೆಸರಲ್ಲಿ ಅಡ್ವಾನ್ಸ್‌ನಿಂದ ಎರಡು ತಿಂಗಳ ಬಾಡಿಗೆ ಹಿಡಿದುಕೊಂಡರು. ಅವನಿಗೆ ಒಬ್ಬರು ‘ಮಿಕ್ಕಿದ್ದು ಬಂತಲ್ಲ, ಸಮಾಧಾನ ಮಾಡ್ಕೋ’ ಅಂದರು. ನಾನು ಅಗ್ರಿಮೆಂಟ್ ತೆಗೆಸಿ, ಸಾಲು ಸಾಲು ಓದಿ, ಅವನ ಜೊತೆ ಹೋಗಿ ಕೂತೆ. ಒಂದು ತಿಂಗಳದ್ದು ವಾಪಸ್ ಬಂತು. ಅನ್ಯಾಯವಾದಾಗ ಕೇಳಲೇಬೇಕು, ಅದನ್ನು ಈ ಮೂರು ಗೆರೆಯಲ್ಲಿ ಮುಚ್ಚಿಡಬಾರದು.

ಆಗಸ್ಟ್ 11ರ ಪುಟ ನನಗೆ ತುಂಬಾ ಇಷ್ಟ. ಹಿಂದಿನ ದಿನ ಹಳದಿ ಮಾರ್ಗ ಉದ್ಘಾಟನೆ ಆಗಿತ್ತು. ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರಕ್ಕೆ 19.15 ಕಿಲೋಮೀಟರ್, 16 ನಿಲ್ದಾಣ. ಸಿಲ್ಕ್ ಬೋರ್ಡ್ ಮೇಲೆ ರೈಲು ಹೋಗುವಾಗ ಕಿಟಕಿಯಿಂದ ಕೆಳಗಿನ ಸಾಲುಗಾಡಿಗಳನ್ನು ನೋಡಿ ಕಣ್ಣು ತುಂಬಿ ಬಂತು. ಅವತ್ತು ಮೂರು ಗೆರೆ ಸಾಲಲಿಲ್ಲ. ವರ್ಷಗಟ್ಟಲೆ ಆ ಜಾಗದಲ್ಲಿ ನಿಂತಾಗ ಮೇಲೆ ಹಳದಿ ಹೆಲ್ಮೆಟ್ ಹಾಕಿ ಕಬ್ಬಿಣ ಕಟ್ಟುತ್ತಿದ್ದವರನ್ನು ನೋಡಿದ್ದೆ. ಅವರಲ್ಲಿ ಒಬ್ಬರ ಹೆಸರೂ ಗೊತ್ತಿಲ್ಲ, ಆದ್ದರಿಂದ ನೋಡಿದ್ದನ್ನೇ ಬರೆದೆ.

ಇನ್ನು ಕಾಗದ, ಬೈಂಡಿಂಗ್. ಜೆಲ್ ಪೆನ್ನಿನಲ್ಲಿ ಬರೆದರೆ ಹಿಂದಿನ ಪುಟಕ್ಕೆ ಇಳಿಯುತ್ತದೆ, ಬಾಲ್ ಪೆನ್ ಪರವಾಗಿಲ್ಲ. ಹೊಲಿಗೆ ಹಾಕಿಲ್ಲ, ಬರೀ ಅಂಟು, ಮೂರನೇ ತಿಂಗಳಿಗೆ ಏಪ್ರಿಲ್ ಪುಟಗಳು ಸಡಿಲವಾದವು. 399ಕ್ಕೆ ಇದು ಸರಿಯಲ್ಲ.

ಐದಕ್ಕೆ ಮೂರು ಸ್ಟಾರ್ ಕೊಡುತ್ತೇನೆ. ಒಂದು ಕಡಿಮೆ ಮಾಡಿದ್ದು ಬೈಂಡಿಂಗ್‌ಗೆ, ಇನ್ನೊಂದು ಆ ದಿನಾ ಬರೆಯುವ ಹಟಕ್ಕೆ. ಮುಂದಿನ ಸಲಕ್ಕೆ ಅವೆನ್ಯೂ ರಸ್ತೆಯಲ್ಲಿ ಹೊಲಿಗೆ ಹಾಕಿದ 200 ಪುಟದ ರೂಲ್ಡ್ ನೋಟ್‌ಬುಕ್ ಎರಡು ತಂದಿಟ್ಟಿದ್ದೇನೆ. ಒಂದು ನನಗೆ, ಒಂದು ಅಮ್ಮನಿಗೆ. ಅಮ್ಮನಿಗೆ ಕಣ್ಣು ಮಂಜು, ಅವರು ಹೇಳುತ್ತಾರೆ, ಮಗಳು ಬರೆದುಕೊಳ್ಳುತ್ತಾಳೆ. ಎಡಗಡೆ ಮಾರ್ಜಿನ್ ಮಾತ್ರ ದೊಡ್ಡದಾಗಿ ಹಾಕು ಅಂತ ಅಮ್ಮನೇ ಹೇಳಿದ್ದಾರೆ.