ತೀರ್ಥಹಳ್ಳಿಯಲ್ಲಿ ಐದು ಮಳೆಗಾಲ ಕಂಡ ಸಿಸ್ಕೋ ಎಎಸ್‌ಆರ್ 1001-ಎಕ್ಸ್

ಬೆಂಗಳೂರಿನ ಎಸ್‌ಪಿ ರೋಡ್‌ನಿಂದ ಸೆಕೆಂಡ್ ಹ್ಯಾಂಡ್ ತಂದ ಎರಡು ರೂಟರ್. ಒಂದು ಶಿವಮೊಗ್ಗದ ಹೆಡ್‌ಎಂಡ್‌ನಲ್ಲಿದೆ, ಅಂದರೆ ಚಾನೆಲ್ ಹೊರಡುವ ಕೇಂದ್ರದಲ್ಲಿ; ಇನ್ನೊಂದು ತೀರ್ಥಹಳ್ಳಿಯ ನಮ್ಮ ಕೇಬಲ್ ರೂಮಿನಲ್ಲಿ. ಐದು ಮಳೆಗಾಲ ಕಳೆಯಿತು, ಎರಡೂ ಗಟ್ಟಿಯಾಗಿವೆ. ಫ್ಯಾನ್ ಸದ್ದು ಜಾಸ್ತಿ, ಪಕ್ಕದಲ್ಲಿ ನಿಂತು ಫೋನಿನಲ್ಲಿ ಮಾತಾಡೋಕೆ ಆಗಲ್ಲ. ಅದು ಬಿಟ್ಟರೆ ದೂರಿಲ್ಲ.

ಹೇಳಬೇಕಿರುವುದು ಮಲ್ಟಿಕಾಸ್ಟ್ ಕಥೆ, ಅಂದರೆ ಚಾನೆಲ್ಲಿನ ಒಂದೇ ಪ್ರತಿ ಕಳಿಸಿ ಕೇಳಿದವರಿಗೆಲ್ಲ ತಲುಪಿಸುವ ವಿಧಾನದ್ದು. ನಮ್ಮದು 180 ಚಾನೆಲ್, ಒಟ್ಟು 700 ಎಂಬಿಪಿಎಸ್ ಆಸುಪಾಸು. ಶಿವಮೊಗ್ಗದಿಂದ 1 ಜಿಬಿಪಿಎಸ್‌ನ ಎರಡು ಫೈಬರ್ ಬರುತ್ತವೆ. ಒಂದು ಮಂಡಗದ್ದೆ ಮೇಲೆ, ಇನ್ನೊಂದು ರಿಪ್ಪನ್‌ಪೇಟೆ ಸುತ್ತಿ. ರೂಟರ್‌ಗಳು ದಾರಿ ಲೆಕ್ಕ ಹಾಕುವ ಓಎಸ್‌ಪಿಎಫ್‌ನಲ್ಲಿ ಎರಡಕ್ಕೂ ಒಂದೇ ಕಾಸ್ಟ್, ಅಂದರೆ ಎರಡೂ ಸಮಾನ ದಾರಿ. ಇಂಟರ್ನೆಟ್ ಟ್ರಾಫಿಕ್ ಎರಡರಲ್ಲೂ ಹಂಚಿಹೋಗುತ್ತಿತ್ತು. ಚಾನೆಲ್ ಅಷ್ಟೂ ರಿಪ್ಪನ್‌ಪೇಟೆ ದಾರಿಯಲ್ಲೇ! ಸಂಜೆ ಧಾರಾವಾಹಿ ಹೊತ್ತಿಗೆ ಆ ಲಿಂಕ್ ತುಂಬಿ ಚಿತ್ರ ಚೌಕಚೌಕವಾಗಿ ಒಡೆಯುತ್ತಿತ್ತು.

ಇದು ರೂಟರ್ ತಪ್ಪಲ್ಲ, ಮ್ಯಾನುಯಲ್ ಓದದ ನನ್ನದು. ಸಮಾನ ದಾರಿಗಳಿದ್ದಾಗ ಇದರಲ್ಲಿ ಪಿಮ್ (ಮಲ್ಟಿಕಾಸ್ಟ್‌ಗೆ ದಾರಿ ಮಾಡಿಕೊಡುವ ಪ್ರೋಟೋಕಾಲ್) ದೊಡ್ಡ ಐಪಿ ವಿಳಾಸದ ಪಕ್ಕದ ರೂಟರನ್ನು ಮಾತ್ರ ಹಿಡಿಯುತ್ತದೆ. ರಿಪ್ಪನ್‌ಪೇಟೆ ಕಡೆಯ ವಿಳಾಸ ದೊಡ್ಡದಿತ್ತು, ಅಷ್ಟೇ. ಹಂಚಬೇಕೆಂದರೆ ‘ಐಪಿ ಮಲ್ಟಿಕಾಸ್ಟ್ ಮಲ್ಟಿಪಾತ್’ ಅಂತ ನಾವೇ ಹೇಳಬೇಕು. ಶಿವಮೊಗ್ಗದ ರೂಟರಿಗೆ ಹೇಳಿದೆ. ಏನೂ ಆಗಲಿಲ್ಲ. ಎರಡು ವಾರ ತಲೆ ಕೆರೆದುಕೊಂಡ ಮೇಲೆ ಹೊಳೆಯಿತು: ಮಲ್ಟಿಕಾಸ್ಟ್‌ನಲ್ಲಿ ದಾರಿ ಆರಿಸುವುದು ಕಳಿಸುವವನಲ್ಲ, ಕೇಳುವವನು. ತೀರ್ಥಹಳ್ಳಿ ರೂಟರ್ ಯಾವ ಲಿಂಕಿನಲ್ಲಿ ಜಾಯಿನ್ (ಈ ಚಾನೆಲ್ ಬೇಕೆಂಬ ಕೋರಿಕೆ) ಕಳಿಸುತ್ತದೋ ಅದೇ ಲಿಂಕಿನಲ್ಲಿ ಚಾನೆಲ್ ಇಳಿದು ಬರುತ್ತದೆ. ಕಮಾಂಡ್ ಹಾಕಬೇಕಿದ್ದುದು ಇಲ್ಲಿ.

ಹಾಕಿದೆ. ಆಗಲೂ ಹಂಚಲಿಲ್ಲ! ಅಷ್ಟೇ ಕೊಟ್ಟರೆ ಅದು ಸೋರ್ಸ್ ವಿಳಾಸ ನೋಡಿ ಹಂಚುತ್ತದೆ. ನಮ್ಮ 180 ಚಾನೆಲ್ಲೂ ಹೊರಡುವುದು ಒಂದೇ ಸ್ಟ್ರೀಮರ್‌ನಿಂದ, ಒಂದೇ ಐಪಿಯಿಂದ. ಕೊನೆಗೆ ‘ಎಸ್-ಜಿ-ಹ್ಯಾಶ್ ಬೇಸಿಕ್’ ಸೇರಿಸಿದೆ. ಪ್ರತಿ ಚಾನೆಲ್ಲಿಗೂ ಬೇರೆ ಬೇರೆಯಿರುವ ಗ್ರೂಪ್ ವಿಳಾಸವೂ ಲೆಕ್ಕಕ್ಕೆ ಬಂತು, ಚಾನೆಲ್‌ಗಳು ಎರಡು ದಾರಿ ಹಿಡಿದವು.

ಈಗ ಯಾವ ಚಾನೆಲ್ ಎಲ್ಲಿ ಬರುತ್ತಿದೆ ಅಂತ ಪತ್ತೆ ಮಾಡೋದು ಬೇರೆ ಕೆಲಸ. ಸೋರ್ಸ್ ಕಡೆಯ ದಾರಿ ತೋರಿಸುವ ‘ಶೋ ಐಪಿ ಆರ್‌ಪಿಎಫ್’ ಕೇಳುವಾಗ ಸೋರ್ಸ್ ಜೊತೆ ಗ್ರೂಪ್ ವಿಳಾಸವನ್ನೂ ಕೊಡಿ. ಒಂದೇ ಸೋರ್ಸ್‌ನ ಎರಡು ಗ್ರೂಪ್ ಎರಡು ಲಿಂಕಿನಲ್ಲಿರಬಹುದು ಅಲ್ವಾ? ನಾನು ಮೊದಲು ನೋಡುವುದು ‘ಶೋ ಐಪಿ ಎಮ್‌ರೂಟ್’ನ ಒಳಬರುವ ಇಂಟರ್‌ಫೇಸ್. ನಡುವೆ ಇನ್ನೂ ರೂಟರ್‌ಗಳಿದ್ದರೆ ‘ಎಮ್‌ಟ್ರೇಸ್’ ಬೇಕಾಗುತ್ತದೆ. ಅದು ಚಾನೆಲ್ ನೋಡುವವನ ಕಡೆಯಿಂದ ಶುರುಮಾಡಿ ಸೋರ್ಸ್ ಕಡೆಗೆ ಹಿಮ್ಮುಖವಾಗಿ ನಡೆಯುತ್ತದೆ.

ಅರ್ಧಕ್ಕರ್ಧ ಹಂಚುತ್ತದೆ ಅಂದುಕೊಳ್ಳಬೇಡಿ. ಹ್ಯಾಶ್‌ಗೆ (ವಿಳಾಸದಿಂದ ದಾರಿ ಆರಿಸುವ ಲೆಕ್ಕಕ್ಕೆ) ವಿಳಾಸ ಗೊತ್ತು, ಚಾನೆಲ್ಲಿನ ತೂಕ ಗೊತ್ತಿಲ್ಲ. ನಮ್ಮಲ್ಲಿ ಎಚ್‌ಡಿ ಚಾನೆಲ್ ಜಾಸ್ತಿ ಮಂಡಗದ್ದೆ ಲಿಂಕಿಗೇ ಬಿದ್ದಿದ್ದವು. ನಾಲ್ಕರ ಗ್ರೂಪ್ ವಿಳಾಸ ಬದಲಿಸಿ ಸರಿಮಾಡಿದೆ.

ಕಳೆದ ಆಷಾಢದಲ್ಲಿ ಮಂಡಗದ್ದೆ ಹತ್ತಿರ ಮರ ಬಿದ್ದು ಫೈಬರ್ ತುಂಡಾಯಿತು. ಚಾನೆಲ್ಲೆಲ್ಲ ತಾವೇ ರಿಪ್ಪನ್‌ಪೇಟೆ ಕಡೆ ಹೊರಳಿದವು. ಯಾವ ಟ್ರಾಫಿಕ್ ಮೊದಲು ಹೋಗಬೇಕೆಂದು ಹೇಳುವ ಕ್ಯೂಒಎಸ್‌ನಲ್ಲಿ ವಿಡಿಯೋಗೆ ಮೊದಲ ಜಾಗ ಕೊಟ್ಟಿದ್ದೆ, ಹಾಗಾಗಿ ಟಿವಿಯವರಿಗೆ ಗೊತ್ತೇ ಆಗಲಿಲ್ಲ. ಇಂಟರ್ನೆಟ್‌ನವರ ಫೋನು ಮಾತ್ರ ರಾತ್ರಿ ಹನ್ನೊಂದರವರೆಗೂ ಬರ್ತಾನೇ ಇತ್ತು.