ಪಾತ್ ಆಫ್ ಎಕ್ಸೈಲ್ 2: ಹೊಡೆತ ಕೂರುತ್ತದೆ, ಸಾವು ಕಾಣುವುದಿಲ್ಲ

ರಾಕ್ಷಸರನ್ನು ಕೊಲ್ಲುತ್ತ ಬೆಳೆಯುವ ಆಕ್ಷನ್ ಗೇಮ್ ಪಾತ್ ಆಫ್ ಎಕ್ಸೈಲ್ 2 ಅರ್ಲಿ ಆಕ್ಸೆಸ್‌ಗೆ (ಪೂರ್ತಿಯಾಗುವ ಮುನ್ನವೇ ಆಡಲು ಬಿಡುವ ಹಂತ) ಬಂದದ್ದು 2024ರ ಡಿಸೆಂಬರ್ 6ರಂದು. ನ್ಯೂಜಿಲೆಂಡಿನ ಗ್ರೈಂಡಿಂಗ್ ಗೇರ್ ಗೇಮ್ಸ್ ಮಾತು ಕೊಟ್ಟದ್ದು ಆರು ಆಕ್ಟ್ (ಕಥೆಯ ಭಾಗ), ಹನ್ನೆರಡು ಕ್ಲಾಸ್ (ಆಡುವ ಪಾತ್ರದ ಬಗೆ). ಆಗ ಕೈಗೆ ಸಿಕ್ಕಿದ್ದು ಮೂರು ಆಕ್ಟ್, ಆರು ಕ್ಲಾಸ್. 2025ರ ಏಪ್ರಿಲ್‌ನಲ್ಲಿ 0.2 ಆವೃತ್ತಿ ಬಂದು ಹಂಟ್ರೆಸ್ ಸೇರಿದಳು, ಆಗಸ್ಟ್‌ನ 0.3ರಲ್ಲಿ ನಾಲ್ಕನೇ ಆಕ್ಟ್ ಬಂತು, ಡಿಸೆಂಬರ್‌ನ 0.4ರಲ್ಲಿ ಡ್ರೂಯಿಡ್ ಬಂದ. ಈ ವಿಮರ್ಶೆ 0.4ರವರೆಗಿನ ಕಾಳಗದ ಬಗ್ಗೆ ಮಾತ್ರ. ಲೂಟ್ (ಶತ್ರು ಸತ್ತಾಗ ಬೀಳುವ ವಸ್ತು), ವ್ಯಾಪಾರ, ಕ್ರಾಫ್ಟಿಂಗ್ ಇಲ್ಲಿ ಬರುವುದಿಲ್ಲ. ಅವುಗಳ ಜಗಳವೇ ಬೇರೆ.

ಅಂಕ ಮೊದಲೇ ಹೇಳಿಬಿಡುವುದಾದರೆ, ಕ್ಯಾಂಪೇನ್‌ನ, ಅಂದರೆ ಕಥೆಯ ಭಾಗದ, ಕಾಳಗಕ್ಕೆ ಐದರಲ್ಲಿ ನಾಲ್ಕೂವರೆ, ಕಥೆ ಮುಗಿದ ಮೇಲೆ ಆಡುವ ಮ್ಯಾಪ್‌ಗಳ ಕಾಳಗಕ್ಕೆ ಮೂರು. ಗೇಮ್ ಒಂದೇ ಆದರೂ ಅಂಕ ಎರಡು ಕೊಡಬೇಕಾಗಿದೆ, ಯಾಕೆಂದರೆ ಮೊದಲರ್ಧ ಕಲಿಸಿದ್ದನ್ನು ಎರಡನೆಯ ಅರ್ಧ ಮರೆಸುತ್ತದೆ.

ಏಟು ತಪ್ಪಿಸಲು ಉರುಳುವ ಡಾಡ್ಜ್ ರೋಲ್‌ನಿಂದ ಶುರು ಮಾಡೋಣ. ಅತಿ ಹೆಚ್ಚು ಜನ ತಪ್ಪು ತಿಳಿದಿರುವುದು ಇದನ್ನೇ. ರೋಲ್‌ಗೆ ಕೂಲ್‌ಡೌನ್ ಇಲ್ಲ, ಎಷ್ಟು ಸಲ ಬೇಕಾದರೂ ಉರುಳಬಹುದು. ಉರುಳುವಾಗ ನೇರ ಏಟು ಮತ್ತು ಬಾಣ, ಬೆಂಕಿಯುಂಡೆಯಂಥ ಪ್ರೊಜೆಕ್ಟೈಲ್‌ಗಳು ತಾಗುವುದಿಲ್ಲ. ಆದರೆ ನೆಲಕ್ಕೆ ಅಪ್ಪಳಿಸಿ ಸುತ್ತಲೂ ಹರಡುವ ಡ್ಯಾಮೇಜ್‌ನಿಂದ ರೋಲ್ ಕಾಪಾಡುವುದಿಲ್ಲ. ಆ ವೃತ್ತದ ಹೊರಗೆ ಹೋಗಿ ಬಿದ್ದರೆ ಮಾತ್ರ ಬಚಾವ್. ಬೇರೆ ಆಕ್ಷನ್ ಗೇಮ್‌ಗಳಿಂದ ಬಂದವರು ಏಟು ಬೀಳುವ ಕ್ಷಣಕ್ಕೆ ಸರಿಯಾಗಿ ಅದರೊಳಕ್ಕೇ ಉರುಳಿ ಸಾಯುತ್ತಾರೆ, ಆಮೇಲೆ 'ಹಿಟ್‌ಬಾಕ್ಸ್ ಸರಿ ಇಲ್ಲ' ಎಂದು ಬರೆಯುತ್ತಾರೆ. ಹಿಟ್‌ಬಾಕ್ಸ್, ಅಂದರೆ ಏಟು ತಾಗುವ ವ್ಯಾಪ್ತಿ, ಬಹುಪಾಲು ಸರಿಯೇ ಇದೆ. ತಪ್ಪಿರುವುದು ಗೇಮ್ ಈ ವ್ಯತ್ಯಾಸವನ್ನು ಎಲ್ಲೂ ಗಟ್ಟಿಯಾಗಿ ಹೇಳದಿರುವುದರಲ್ಲಿ. ಬಾಸ್ (ದೊಡ್ಡ ಶತ್ರು) ಮೈಯಲ್ಲಿ ಕೆಂಪು ಮಿಂಚು ಹೊಳೆದರೆ ಆ ಏಟನ್ನು ಗುರಾಣಿಯಿಂದಲೂ ತಡೆಯಲಾಗದು. ಅಲ್ಲಿ ಕೈಗಿಂತ ಕಾಲಿಗೇ ಕೆಲಸ. ಹಾಗಾಗಿ ಮೌಸ್ ಕ್ಲಿಕ್ಕಿನಲ್ಲಿ ನಡೆಯುವ ಹಳೆಯ ಅಭ್ಯಾಸ ಬಿಟ್ಟು ಡಬ್ಲ್ಯೂ-ಎ-ಎಸ್-ಡಿ ಕೀಗಳಿಗೆ ಬರುವುದು ಲೇಸು: ಗುರಿ ಒಂದು ಕಡೆ, ನಡಿಗೆ ಇನ್ನೊಂದು ಕಡೆ ಇಡಲು ಅದರಲ್ಲೇ ಸಲೀಸು.

ಕ್ಯಾಂಪೇನ್‌ನಲ್ಲಿ ಈ ವ್ಯವಸ್ಥೆ ನಿಜಕ್ಕೂ ಹೊಳೆಯುತ್ತದೆ. ಮೊದಲ ಆಕ್ಟಿನ ಕೊನೆಯ ಬಾಸ್ ಕೌಂಟ್ ಜಿಯೊನರ್ ಮೊದಲು ಕತ್ತಿ ಹಿಡಿದ ಮನುಷ್ಯ, ಆಮೇಲೆ ತೋಳ. ಅವನ ಪ್ರತಿ ದಾಳಿಗೂ ಮುನ್ಸೂಚನೆ ಇದೆ, ಪ್ರತಿ ದಾಳಿಯ ನಂತರ ನಮಗೆ ಹೊಡೆಯಲು ಬಿಡುವಿದೆ. ಎರಡನೆಯ ಸಲಕ್ಕೆ ಮೊದಲ ಸಲಕ್ಕಿಂತ ಹೆಚ್ಚು ಗೊತ್ತಿರುತ್ತದೆ, ಐದನೆಯದಕ್ಕೆ ಅವನ ಲಯ ಬಾಯಿಪಾಠ. ಅವನೆದುರು ಪದೇಪದೇ ಸೋಲುವವರಲ್ಲಿ ಹೆಚ್ಚಿನವರು ಚಳಿ ನಿರೋಧ (ಚಳಿಯ ಡ್ಯಾಮೇಜ್ ತಗ್ಗಿಸುವ ಗುಣ) ನೋಡಿಕೊಂಡಿರುವುದಿಲ್ಲ. ಮೊದಲ ಆಕ್ಟಿನ ಕ್ಲಿಯರ್‌ಫೆಲ್‌ನಲ್ಲಿ ಬೈರಾ ಎಂಬ ಬಾಸನ್ನು ಕೊಂದರೆ 10 ಅಂಶ ಚಳಿ ನಿರೋಧ ಶಾಶ್ವತವಾಗಿ ಸಿಗುತ್ತದೆ. ಅವಳನ್ನು ಬಿಟ್ಟು ಮುಂದೆ ಹೋದವರು ಹಿಂದಿರುಗಿ ಹೋಗುವುದು ಒಳ್ಳೆಯದು.

ವಾರಿಯರ್‌ನ ಗದೆಯ ಕಾಳಗ ಇಡೀ ಗೇಮಿನ ವಾದವನ್ನು ಒಂದೇ ಜೋಡಿ ಸ್ಕಿಲ್‌ನಲ್ಲಿ ತೋರಿಸುತ್ತದೆ. ಭಾರದ ಏಟುಗಳು ಶತ್ರು ಎಷ್ಟು ತತ್ತರಿಸಿದ್ದಾನೆಂದು ತೋರುವ ಸ್ಟನ್ ಪಟ್ಟಿಯನ್ನು ತುಂಬುತ್ತವೆ. ಪಟ್ಟಿ ಒಂದು ಮಟ್ಟ ಮುಟ್ಟಿದಾಗ ಶತ್ರು 'ಪ್ರೈಮ್' ಆಗುತ್ತಾನೆ. ಆಗ ಬೋನ್‌ಶ್ಯಾಟರ್ ಹೊಡೆದರೆ ಅವನು ಕುಸಿದು, ಸುತ್ತಲಿನವರ ಮೇಲೂ ಆಘಾತದ ಅಲೆ ಹೋಗುತ್ತದೆ. ಪ್ರೈಮ್ ಆಗದವನಿಗೆ ಹೊಡೆದರೆ ಆ ಅಲೆ ಇಲ್ಲ, ಸುಮ್ಮನೆ ಒಂದು ಏಟು. ಇಲ್ಲಿ ಜನ ಮಾಡುವ ತಪ್ಪು ಒಂದೇ: ನೋಡದೆ ಎರಡು ಬಟನ್‌ಗಳನ್ನು ಒಂದರ ಹಿಂದೊಂದು ಒತ್ತುವುದು. ಶತ್ರುವಿನ ಜೀವಪಟ್ಟಿಯ ಬಳಿಯ ಗುರುತು ನೋಡಿ ಒತ್ತಿದರೆ ಅದೇ ಕ್ಯಾರೆಕ್ಟರ್ ದುಪ್ಪಟ್ಟು ಬಲಶಾಲಿ ಅನ್ನಿಸುತ್ತಾನೆ. ಅರ್ಥ್‌ಕ್ವೇಕ್‌ನದೂ ಇದೇ ಬಗೆ. ನೆಲ ಸಿಡಿಯುವುದು ಸ್ವಲ್ಪ ತಡವಾಗಿ, ಹಾಗಾಗಿ ಶತ್ರು ಇರುವ ಕಡೆಗಲ್ಲ, ಬಂದು ನಿಲ್ಲುವ ಕಡೆಗೆ ಹಾಕಬೇಕು.

ಹಂಟ್ರೆಸ್‌ಳ ಪ್ಯಾರಿ ಇದಕ್ಕಿಂತ ಸೂಕ್ಷ್ಮ. ಬಕ್ಲರ್ (ಚಿಕ್ಕ ಗುರಾಣಿ) ಎತ್ತಿ ಒಂದು ಏಟು ಅಥವಾ ಪ್ರೊಜೆಕ್ಟೈಲ್ ತಡೆದರೆ ಶತ್ರುವಿನ ಸಮತೋಲ ತಪ್ಪುತ್ತದೆ. ಅವನ ಮೇಲೆ ಡಿಸ್‌ಎಂಗೇಜ್ ಬಳಸಿ ಹಿಂದಕ್ಕೆ ಹಾರಿದರೆ ಫ್ರೆಂಜಿ ಚಾರ್ಜ್ ಎಂಬ ಕೂಡಿಡುವ ಬಲ ಸಿಗುತ್ತದೆ. ಆ ಚಾರ್ಜನ್ನು ದೊಡ್ಡ ಈಟಿಯ ಏಟಿಗೆ ಖರ್ಚು ಮಾಡಬೇಕು. ಒಬ್ಬನೇ ಶತ್ರು ಎದುರಿದ್ದರೆ ಇದು ಕುಣಿತದಷ್ಟು ಚೆಂದ. ಹತ್ತು ಮಂದಿ ಮೈಮೇಲೆ ಬಿದ್ದರೆ ಒಬ್ಬನನ್ನು ತಡೆಯುವಷ್ಟರಲ್ಲಿ ಒಂಬತ್ತು ಮಂದಿ ಕಚ್ಚುತ್ತಾರೆ. ತಡೆದ ಏಟುಗಳೆಲ್ಲ ನಮ್ಮದೇ ಸ್ಟನ್ ಪಟ್ಟಿಗೂ ಸೇರಿ, ಕೊನೆಗೆ ಕುಸಿಯುವುದು ನಾವೇ. 0.2 ಬಂದಾಗ ಆಟಗಾರರು ದೊಡ್ಡ ದನಿಯಲ್ಲಿ ಕೂಗಿದ್ದು ಇದಕ್ಕೇ: ರಾಕ್ಷಸರಿಗೆ ಹಳೆಯ ಗೇಮಿನ (ಮೊದಲ ಪಾತ್ ಆಫ್ ಎಕ್ಸೈಲ್‌ನ) ವೇಗ, ನಮಗೆ ಹೊಸ ಗೇಮಿನ ನಿಧಾನ. ಅಭಿವೃದ್ಧಿ ತಂಡ ಕೆಲವೇ ದಿನಗಳಲ್ಲಿ ಸಾಲುಸಾಲು ತಿದ್ದುಪಡಿ ತಂದಿತು. ಫೀಡ್‌ಬ್ಯಾಕ್‌ಗೆ ಕಿವಿಗೊಡುತ್ತಾರೆ ಎನ್ನಲು ಇದೇ ಸಾಕು.

0.3ರ ಸ್ಪ್ರಿಂಟ್ ಒಳ್ಳೆಯ ಸೇರ್ಪಡೆ. ರೋಲ್ ಬಟನ್ ಒತ್ತಿ ಹಿಡಿದರೆ ಓಟ. ಓಡುವಾಗ ಏಟು ಬಿದ್ದರೆ ನೆಲಕ್ಕುರುಳಬಹುದು, ಎದ್ದೇಳುವಷ್ಟರಲ್ಲಿ ಸುತ್ತುವರಿದಿರುತ್ತಾರೆ. ಖಾಲಿ ದಾರಿಗೆ ಇಟ್ಟ ಸೌಲಭ್ಯ ಅದು; ಗುಂಪಿನ ನಡುವೆ ನುಗ್ಗಲು ಅಲ್ಲ.

ಇನ್ನು ಮ್ಯಾಪ್‌ಗಳು. ಇಲ್ಲಿ ಪ್ರೈಮ್, ಪ್ಯಾರಿ, ತಡವಾಗಿ ಸಿಡಿಯುವ ನೆಲ ಎಲ್ಲವೂ ಊಟಕ್ಕಿಲ್ಲದ ಉಪ್ಪಿನಕಾಯಿ. ಗುಂಪುಗಳು ಓಡಿಬರುವ ವೇಗಕ್ಕೆ ಎರಡು ಹೆಜ್ಜೆಯ ಕಾಂಬೊ ಮುಗಿಯುವುದಿಲ್ಲ, ಒಂದೇ ಬಟನ್‌ನಲ್ಲಿ ಇಡೀ ಪರದೆ ಬಿಳುಪಾಗಿಸುವ ಬಿಲ್ಡ್‌ಗೇ (ಸ್ಕಿಲ್, ಸಲಕರಣೆಗಳ ಜೋಡಣೆ) ಲಾಭ. ಜನ ಅಂಥ ಬಿಲ್ಡ್ ಹುಡುಕುವುದು ಸೋಮಾರಿತನದಿಂದಲ್ಲ; ಕಾಯುವವನಿಗೆ ಅಲ್ಲಿ ಶಿಕ್ಷೆಯಿದೆ, ಅದಕ್ಕೆ.

ಅದಕ್ಕಿಂತ ದೊಡ್ಡ ದೂರು ಸಾವಿನ ಬಗ್ಗೆ. ಸತ್ತ ರಾಕ್ಷಸನ ಜಾಗದಲ್ಲಿ ಕ್ಷಣ ಬಿಟ್ಟು ಸಿಡಿಯುವ ವಸ್ತು ಉಳಿಯುತ್ತದೆ. ಅದರ ಮೇಲೆ ಹೆಣಗಳು, ಲೂಟ್ ಹೆಸರುಗಳು, ನಮ್ಮದೇ ಸ್ಕಿಲ್‌ನ ಬೆಳಕು. ಏನು ಕೊಂದಿತೆಂದು ಹೇಳುವ ಪಟ್ಟಿ ಗೇಮಿನಲ್ಲಿಲ್ಲ. ಸಾವಿಗೆ ಆ ಲೆವೆಲ್‌ನ ಅನುಭವಾಂಶದಲ್ಲಿ ಶೇ. 10 ಹೋಗುತ್ತದೆ, ಒಮೆನ್ ಆಫ್ ಅಮೀಲಿಯರೇಶನ್ ಎಂಬ ವಸ್ತು ಜೇಬಿನಲ್ಲಿದ್ದರೆ ಆ ನಷ್ಟದ ಮುಕ್ಕಾಲು ಭಾಗ ಉಳಿಯುತ್ತದೆ. ಶುರುವಿನಲ್ಲಿ ಮ್ಯಾಪ್‌ಗೆ ಒಂದೇ ಅವಕಾಶವಿತ್ತು. ಆಮೇಲೆ ಅದನ್ನು ಸಡಿಲಿಸಿ, ಮ್ಯಾಪ್ ತೆರೆಯುವ ಕಲ್ಲಾದ ವೇಸ್ಟೋನ್ ಮೇಲಿನ ಗುಣಗಳು ಹೆಚ್ಚಿದಷ್ಟೂ ಮರುಪ್ರವೇಶ ಕಡಿಮೆ ಎಂಬ ಲೆಕ್ಕ ತಂದರು. ಇದು ನ್ಯಾಯ. ಆದರೆ ಆರು ಸಲ ಒಳಗೆ ಬಿಟ್ಟರೂ ಮೊದಲ ಸಾವಿನ ಕಾರಣ ತಿಳಿಯದಿದ್ದರೆ ಎರಡನೆಯದೂ ಅಲ್ಲೇ ಕಾದಿರುತ್ತದೆ. ಜಿಯೊನರ್ ಎದುರು ಸತ್ತರೆ ಪಾಠ, ಇಲ್ಲಿ ಸತ್ತರೆ ಬರೀ ದಂಡ.

ಸದ್ಯಕ್ಕೆ ಇದನ್ನು ತಗ್ಗಿಸಲು ಕೆಲವು ದಾರಿಗಳಿವೆ. ಬೇಡದ ಲೂಟ್ ಹೆಸರು ಮರೆಮಾಡುವ ಲೂಟ್ ಫಿಲ್ಟರ್ ಬಿಗಿ ಮಾಡಿ; ಅದು ಲೂಟಿಗಿಂತ ಹೆಚ್ಚಾಗಿ ನೆಲ ಕಾಣಿಸಲಿಕ್ಕೆ. ಗುಂಪು ಸತ್ತ ಕೂಡಲೇ ಹೆಣಗಳ ಮೇಲೆ ನಡೆಯಬೇಡಿ, ಒಂದೆರಡು ಸೆಕೆಂಡ್ ಅಂಚಿನಲ್ಲೇ ನಿಲ್ಲಿ. ನಿರೋಧದ ಲೆಕ್ಕ ಮೊದಲೇ ಹಾಕಿ: ಕ್ಯಾಂಪೇನ್ ಮುಗಿಯುವ ಹೊತ್ತಿಗೆ ಬೆಂಕಿ, ಚಳಿ, ಮಿಂಚಿನ ನಿರೋಧದಲ್ಲಿ ತಲಾ 60 ಅಂಶ ಕಡಿತವಾಗಿರುತ್ತದೆ, ಮಿತಿ 75. ಅಂದರೆ ಪ್ರತಿಯೊಂದಕ್ಕೂ 135 ಅಂಶ ಕೂಡಿಸಿಕೊಂಡರೆ ಮಾತ್ರ ಭರ್ತಿ. ಬೆಲ್ಟ್‌ನ ಚಾರ್ಮ್ ಜಾಗ ಖಾಲಿ ಬಿಡುವವರು ಬಹಳ. ಹೆಪ್ಪುಗಟ್ಟಿದ ಕ್ಷಣವೇ ತಾನಾಗಿ ಕೆಲಸ ಮಾಡುವ ಥಾಯಿಂಗ್ ಚಾರ್ಮ್ ಒಂದನ್ನಾದರೂ ಹಾಕಿ. ಆರ್ಮರ್ ನಂಬಿ ನಿಲ್ಲುವವರಿಗೆ ಒಂದು ಮಾತು: ಅದು ಸಣ್ಣ ಏಟುಗಳನ್ನು ನುಂಗುತ್ತದೆ, ದೊಡ್ಡ ಏಟಿಗೆ ಅದೇ ಸಂಖ್ಯೆ ತೀರಾ ಕಡಿಮೆ ಉಳಿಸುತ್ತದೆ. ಎನರ್ಜಿ ಶೀಲ್ಡ್‌ (ಜೀವಕ್ಕಿಂತ ಮೊದಲು ಏಟು ತಿನ್ನುವ ಕವಚ) ನಂಬಿದವರು ಕೇಯಾಸ್ ಎಂಬ ಬಗೆಯ ಡ್ಯಾಮೇಜ್‌ಗೆ ಹೆದರಬೇಕು, ಅದು ಶೀಲ್ಡನ್ನು ಎರಡರಷ್ಟು ಸವೆಸುತ್ತದೆ.

ನೆಟ್‌ವರ್ಕ್ ಬಗ್ಗೆಯೂ ಹೇಳಲೇಬೇಕು, ಯಾಕೆಂದರೆ ಇಲ್ಲಿಂದ ಆಡುವವರ ಕಾಳಗದ ದೂರುಗಳಲ್ಲಿ ಒಂದಷ್ಟು ಗೇಮಿನದ್ದಲ್ಲ. ಲಾಗಿನ್ ಪರದೆಯ ಗೇಟ್‌ವೇ (ಸರ್ವರ್) ಪಟ್ಟಿಯಲ್ಲಿ ಪಿಂಗ್ (ಸರ್ವರ್‌ಗೆ ಹೋಗಿ ಬರಲು ಹಿಡಿಯುವ ಸಮಯ) ನೋಡಿ ಆರಿಸಿ, ಊರಿನ ಹೆಸರು ನೋಡಿ ಅಲ್ಲ. ಪಿಂಗ್ ಕಡಿಮೆಯಿದ್ದು ಸ್ಥಿರವಾಗಿದ್ದರೆ ಲಾಕ್‌ಸ್ಟೆಪ್ ಮೋಡ್: ಪರದೆಯಲ್ಲಿ ಕಂಡದ್ದೇ ಸರ್ವರ್‌ನಲ್ಲೂ ಇರುತ್ತದೆ, ಆದರೆ ಲೈನ್ ತಡವರಿಸಿದರೆ ಕ್ಯಾರೆಕ್ಟರ್ ಕೂಡ ತಡವರಿಸುತ್ತದೆ. ಪಿಂಗ್ ಏರಿಳಿಯುತ್ತಿದ್ದರೆ ಪ್ರಿಡಿಕ್ಟಿವ್: ಕೈಗೆ ನಯವಾಗಿರುತ್ತದೆ, ಬೆಲೆಯಾಗಿ ಆಗಾಗ ಶತ್ರು ಕಂಡ ಜಾಗದಲ್ಲಿ ಇರುವುದಿಲ್ಲ. ಒಂದೇ ಜೀವವಿರುವ ಹಾರ್ಡ್‌ಕೋರ್‌ನಲ್ಲಿ ಪ್ರಿಡಿಕ್ಟಿವ್ ಮೋಡ್ ಜೂಜು. ಎಫ್1 ಒತ್ತಿದರೆ ಗ್ರಾಫ್‌ಗಳು ಬರುತ್ತವೆ. ಲೇಟೆನ್ಸಿ (ಪಿಂಗ್) ಗೆರೆ ನೆಟ್ಟಗಿದ್ದು ಫ್ರೇಮ್ ಗೆರೆ ಕುಣಿಯುತ್ತಿದ್ದರೆ ಇಂಟರ್ನೆಟ್ ಕಂಪನಿಯನ್ನು ಬೈಯಬೇಡಿ, ಗ್ರಾಫಿಕ್ಸ್ ಇಳಿಸಿ.

ಫೀಡ್‌ಬ್ಯಾಕ್ ಬರೆಯುವವರು ಈ ಗ್ರಾಫ್ ಕಾಣುವ ಹಾಗೆಯೇ ರೆಕಾರ್ಡ್ ಮಾಡಿ. ಸಾವಿಗೆ ಮುಂಚಿನ ಹತ್ತು ಸೆಕೆಂಡ್ ಸಾಕು. ಅದರ ಜೊತೆ ಪ್ಯಾಚ್ ಸಂಖ್ಯೆ, ಮ್ಯಾಪ್ ಹೆಸರು, ವೇಸ್ಟೋನ್ ಗುಣಗಳು, ನಿರೋಧದ ಅಂಕಿ, ನೆಟ್‌ವರ್ಕ್ ಮೋಡ್. 'ಒನ್‌ಶಾಟ್ ಆಯಿತು' ಎಂದು ಬರೆದದ್ದರಲ್ಲಿ ಎಷ್ಟೋ ಸಲ ವಿಡಿಯೋ ನಿಧಾನ ಮಾಡಿ ನೋಡಿದರೆ ಮೂರು ಏಟುಗಳಿರುತ್ತವೆ. ಅದೂ ದೂರೇ, ಆದರೆ ಬೇರೆ ದೂರು: ಡ್ಯಾಮೇಜ್ ಹೆಚ್ಚಾಯಿತು ಎಂಬುದಲ್ಲ, ಮೊದಲ ಎರಡು ಏಟು ಕಣ್ಣಿಗೆ ಬೀಳಲಿಲ್ಲ ಎಂಬುದು. ಮೊದಲನೆಯದಕ್ಕೆ ತಂಡ ಒಂದು ಸಂಖ್ಯೆ ಇಳಿಸಿ ಸುಮ್ಮನಾಗಬಹುದು. ಎರಡನೆಯದಕ್ಕೆ ಆ ಏಟನ್ನು ಬೇರೆ ಬಣ್ಣದಲ್ಲಿ, ಬೇರೆ ಸದ್ದಿನಲ್ಲಿ ಮತ್ತೆ ಕಟ್ಟಬೇಕಾಗುತ್ತದೆ.